ಪಂಚರಣ್ಣ ಗೆದ್ದ ಚುನಾವಣೆ

ನಮ್ಮ ಬೀದಿಯ ತಿರುವಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದವನನ್ನು ಎಲ್ಲರೂ ಪಂಚರಣ್ಣ ಎಂದೇ ಕರೆಯುತ್ತಿದ್ದರು. ಚಿಕ್ಕಂದಿನಿಂದಲೂ ಅವನಿಗೆ ಉಗ್ಗು. ಗಿರಾಕಿಗಳೊಡನೆ ತಲೆಯಾಡಿಸಿಯೇ ವ್ಯವಹಾರ ಮುಗಿಸುತ್ತಿದ್ದ. ಮಗಳ ಜೊತೆ ಮಾತ್ರ ಅವನ ಮಾತು ಎಲ್ಲೂ ತಡೆಯುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅವಳು ಹಳೆ ಟೈರುಗಳ ಮೇಲೆ ಕೂತು ಅಪ್ಪನಿಂದ ಕತೆ ಹೇಳಿಸಿಕೊಳ್ಳುತ್ತಿದ್ದಳು.

ಬೀದಿಯ ನಲ್ಲಿಯಲ್ಲಿ ಕೆಂಪು ನೀರು ಬಂದು ಮಕ್ಕಳು ಕಾಯಿಲೆ ಬಿದ್ದಾಗ ನಗರಸಭೆಗೆ ಚಪ್ಪಲಿ ಸವೆಯುವಂತೆ ಅಲೆದವನು ಅವನೊಬ್ಬನೇ. ಹಾಗಾಗಿ ಚುನಾವಣೆ ಬಂದಾಗ ನೆರೆಯವರು ದುಂಬಾಲು ಬಿದ್ದು ಅವನನ್ನೇ ನಿಲ್ಲಿಸಿದರು.

"ಮಾತಾಡೋಕೆ ನಾನಿದೀನಲ್ಲ, ನೀವು ಸುಮ್ನೆ ಕೈ ಮುಗೀರಿ ಸಾಕು," ಎಂದಳು ಹೆಂಡತಿ.

ಕೊನೆಯ ಸಭೆಯಲ್ಲಿ ಅದೇನು ಹುರುಪು ಬಂತೋ, ಅವನೇ ಮೈಕು ಹಿಡಿದ.

"ನೀ... ನೀ... ನೀ..."

ನೀರು ಎಂಬ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು. ಎದುರಾಳಿಯ ಕಡೆಯವರು ಅದನ್ನು ಮೊಬೈಲಿನಲ್ಲಿ ಹಿಡಿದು, ಡೋಲಿನ ಸದ್ದು ಸೇರಿಸಿ ಹರಿಬಿಟ್ಟರು. ಊರಿಗೆ ಊರೇ ನಕ್ಕಿತು.

ಆಮೇಲೆ ಗಾಳಿ ತಿರುಗಿತು. ಯಾರೋ ಒಬ್ಬ ನರ್ಸ್ ಆ ವಿಡಿಯೋದ ಕೆಳಗೆ, "ನನ್ನ ಮಗನೂ ಹೀಗೇ ಮಾತಾಡ್ತಾನೆ. ನಗೋರು ನಗಲಿ, ನನ್ನ ವೋಟು ಇವರಿಗೇ," ಎಂದು ಬರೆದಳು. ಸಾವಿರಾರು ಜನ ಅದನ್ನು ಹಂಚಿಕೊಂಡರು. ನಗೆಪಾಟಲು ಮಾಡಹೊರಟವರೇ ಅವನನ್ನು ಮನೆಮನೆಗೂ ಮುಟ್ಟಿಸಿಬಿಟ್ಟಿದ್ದರು. ಪಂಚರಣ್ಣ ಭಾರೀ ಅಂತರದಲ್ಲಿ ಗೆದ್ದ.

ಮರುದಿನ ಮಗಳು ಅಳುತ್ತ ಮನೆಗೆ ಬಂದಳು. ಶಾಲೆಯಲ್ಲಿ ಅವಳಿಗೆ 'ನೀನೀ' ಎಂದೇ ಹೆಸರು ಬಿದ್ದಿತ್ತು.

"ಇನ್ಮೇಲೆ ನನ್ನ ಕರ್ಕೊಂಡು ಬರೋಕೆ ಗೇಟ್ ಹತ್ರ ಬರಬೇಡಪ್ಪಾ."

"ಆ... ಆ... ಆಯ್ತಮ್ಮಾ."

ಅವಳೆದುರು ಅವನು ಉಗ್ಗಿದ್ದು ಅದೇ ಮೊದಲು. ಅದು ಇಬ್ಬರಿಗೂ ಗೊತ್ತಾಯಿತು. ಆಮೇಲೆ ಅವಳು ಅಂಗಡಿಗೆ ಬರುವುದೂ ನಿಂತಿತು.

ಬೀದಿಗೆ ಹೊಸ ಪೈಪು ಬಂತು, ನೀರು ತಿಳಿಯಾಯಿತು. ಎದುರು ಸಿಕ್ಕವರೆಲ್ಲ, "ಪಾಪ, ಒಳ್ಳೆ ಮನುಷ್ಯ," ಎಂದು ಬೆನ್ನು ತಟ್ಟುತ್ತಿದ್ದರು. ಆ 'ಪಾಪ' ಅವನನ್ನು ಒಳಗೊಳಗೇ ತಿಂದಿತು. ಒಮ್ಮೆ ಊಟಕ್ಕೆ ಕೂತಾಗ ಬಹಳ ಕಷ್ಟಪಟ್ಟು ಹೆಂಡತಿಯನ್ನು ಕೇಳಿದ:

"ಜನ ವೋ... ವೋಟು ಹಾಕಿದ್ದು ನನ್ನ ಕೆಲಸಕ್ಕಾ, ನಾ... ನಾಲಿಗೆಗಾ?"

"ಯಾವ್ದಕ್ಕಾದ್ರೇನು, ಪೈಪು ಬಂತಲ್ಲ," ಎಂದು ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅವಧಿ ಮುಗಿದಾಗ ಜನ ಮತ್ತೆ ನಿಲ್ಲೆಂದು ಕೇಳಿಕೊಂಡರು. ಅವನು ಒಪ್ಪಲಿಲ್ಲ. ಈಗಲೂ ಅದೇ ಅಂಗಡಿಯಲ್ಲಿದ್ದಾನೆ. ಎದುರಿಗಿದ್ದವರು ಮೊಬೈಲು ತೆಗೆದರೆ, ಬರೀ ಗಂಟೆ ನೋಡುವುದಕ್ಕೇ ಇರಲಿ, ಮುಖ ತಿರುಗಿಸಿಕೊಂಡು ಒಳಗೆ ಹೋಗಿಬಿಡುತ್ತಾನೆ.