ಫುಟ್‌ಪಾತ್‌ನಲ್ಲಿ ಜೊತೆಗೆ ಕುಳಿತವಳು

ಒಣ ಚಟ್ಲಿಯ (ಸಿಗಡಿಯ) ಕಟ್ಟು ಹಿಡಿದು ಸೆಮಿನಾರ್‌ಗೆ ಬಂದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದೆ.

ಕಳೆದ ವಾರ ಆ ಹಿಂದಿ ನಟಿ ಕುಂದಾಪುರಕ್ಕೆ ಬಂದಿದ್ದರು. (ಹೆಸರು ಬೇಡ, ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ.) ಮಹಿಳೆಯರ ಹಕ್ಕುಗಳ ಬಗ್ಗೆ ಭಾಷಣ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಬೀಜಾಡಿಯಿಂದ ನನ್ನ ಚಿಕ್ಕಿಯ ಫೋನ್.

"ಹ್ವಾಯ್, ಅವ್ಳ್ ಬತ್ತಳಂಬ್ರಲೆ! ನಂಗೂ ಹೋಯ್ಕ್. ಒಂದ್ಸಲ ಕಾಣ್ಕ್ ಮಗಾ."

ಚಿಕ್ಕಿ ಈಗ ಮೀನು ಮಾರುತ್ತಾಳೆ. ತೊಂಬತ್ತರ ದಶಕದ ಕೊನೆಯಲ್ಲಿ ಮುಂಬೈಯ ಜೋಪಡಿಯಲ್ಲಿದ್ದಳು. ಚಿಕ್ಕಪ್ಪನಿಗೆ ಕ್ಯಾಂಟೀನಿನಲ್ಲಿ ಕೆಲಸ. ಜೋಪಡಿ ಕೆಡವಲು ಬುಲ್ಡೋಜರ್ ಬಂದಾಗ ಈ ನಟಿ ಮೂರು ದಿನ ಅವರ ಜೊತೆ ಫುಟ್‌ಪಾತ್‌ನಲ್ಲಿ ಧರಣಿ ಕುಳಿತರು. ಚಿಕ್ಕಿ ಮಾಡಿದ ಒಣ ಚಟ್ಲಿ ಚಟ್ನಿ ನೆಂಚಿಕೊಂಡು ಗಂಜಿ ಉಂಡರು. ಕೊನೆಗೆ ಎಲ್ಲರಿಗೂ ಒಂದೊಂದು ಪಕ್ಕಾ ರೂಮು ಸಿಕ್ಕಿತು.

ಸಿನಿಮಾ ಕಡಿಮೆಯಾಯಿತು, ಅದಕ್ಕೇ ಧರಣಿ ಎಂದು ಆಗ ಕೆಲವರು ಆಡಿಕೊಂಡರಂತೆ. ಚಿಕ್ಕಿಗೆ ಈಗಲೂ ಉರಿಯುತ್ತದೆ. "ಕೈಯಗೆ ನಾಕ್ ಪಿಚ್ಚರ್ ಇಪ್ಪೊತ್ತಿಗೇ ಬಂದ್ ಕೂಕಂಡಿದ್ಳ್" ಎನ್ನುತ್ತಾಳೆ. ಟೀವಿಯಲ್ಲಿ ಆಕೆ ಅಜ್ಜಿಯ ಪಾತ್ರದಲ್ಲಿ ಕಂಡರೆ ಸಾಕು, ಚಿಕ್ಕಿಯ ಮುಖ ಸಪ್ಪೆ.

ಸರಿ, ಹೋದೆವು. ಏಸಿ ಹಾಲ್. ನಟಿಗೆ ಕೊಡಲೆಂದು ಚಿಕ್ಕಿ ತಂದ ಚಟ್ಲಿ ಕಟ್ಟಿಗೆ ಎರಡು ಪ್ಲಾಸ್ಟಿಕ್, ಮೇಲೊಂದು ಬೈರಾಸು ಟವೆಲ್. ವಾಸನೆ ಮಾತು ಕೇಳಬೇಕಲ್ಲ! ಮುಂದಿನ ಸಾಲಿನ ರೇಷ್ಮೆ ಸೀರೆಯವರು ಮೂಗು ಮುಚ್ಚಿ ತಿರುಗಿ ನೋಡಿದರು. ನನಗೋ ಮಾನ ಹೋದಂತಾಯಿತು.

"ಚಿಕ್ಕಿ, ಹೊರಗಿಟ್ಟು ಬಾ."

"ನೀ ಬೇಕಾರೆ ಹೊರಗ್ ಹೋಗ್."

ಭಾಷಣ ಮುಗಿಯಿತು. ನಟಿ ಕೆಳಗಿಳಿದು ಎಲ್ಲರಿಗೂ ಕೈಮುಗಿಯುತ್ತ ನಮ್ಮ ಸಾಲಿನ ಹತ್ತಿರವೇ ಬಂದರು. ನಾನು ಚಿಕ್ಕಿಯ ಭುಜ ತಳ್ಳಿದೆ. ಈ ಮಹಾತಾಯಿ ಏನು ಮಾಡಬೇಕು? ಸೆರಗು ಎಳೆದುಕೊಂಡು ಬಗ್ಗಿ ಚಪ್ಪಲಿ ಹುಡುಕತೊಡಗಿದಳು. (ಚಪ್ಪಲಿ ಕಾಲಲ್ಲೇ ಇತ್ತು.) ನಟಿ ಮುಂದೆ ಹೋದರು. ಕಟ್ಟು ಮಡಿಲಲ್ಲೇ ಉಳಿಯಿತು.

ಹೊರಗೆ ಬಂದು ರೇಗಿದೆ. "ಅಷ್ಟೆಲ್ಲ ಹಾರಾಡಿದ್ದು ಇದಕ್ಕಾ?"

ಚಿಕ್ಕಿಯ ಕಣ್ಣು ತುಂಬಿತ್ತು. "ರೂಮ್ ಹೇಂಗಿತ್ತ್ ಅಂತ ಅವ್ಳ್ ಕೇಂಡ್ರೆ ಎಂತ ಹೇಳುದ್ ಮಗಾ? ನಾವ್ ಮಾರಿ ಬಂದ್ವಲೆ."

ಹೌದು, ಚಿಕ್ಕಪ್ಪನಿಗೆ ಕಾಯಿಲೆಯಾದಾಗ ಮಾರಿ ಊರಿಗೆ ಬಂದರು. ಅದರಲ್ಲಿ ತಪ್ಪೇನು? ಇಲ್ಲಿ ಸ್ವಂತ ಮನೆ, ಬಾವಿ, ಎದುರಿಗೇ ಕಡಲು. "ಇಲ್ಲಿ ನಿನಗೆ ಏನು ಕಮ್ಮಿ?" ಎಂದೆ.

"ಎಂತದೂ ಕಮ್ಮಿ ಇಲ್ಲೆ. ಆರೆ ಆ ಮೂರ್ ದಿನ ನಂಗೆ ಇನ್ ಸಿಕ್ಕುದಿಲ್ಲೆ. ನಮ್ಗಾಯಿ ಯಾರಾರೂ ಹಾಂಗೆ ಬಂದ್ ಕೂಕಂಡದ್ ಅದ್ ಒಂದೇ ಸಲ."

ಆಕೆಗೆ ನಿನ್ನ ನೆನಪೇ ಇರಲಿಕ್ಕಿಲ್ಲ ಎಂದು ಸಮಾಧಾನ ಹೇಳಲು ಹೊರಟವನು ಬಾಯಿ ಮುಚ್ಚಿಕೊಂಡೆ. ಅದು ಇನ್ನೂ ದೊಡ್ಡ ಏಟು.

ನಮಗಾಗಿ ಬೀದಿಯಲ್ಲಿ ಕುಳಿತವರಿಗೆ, ಅವರು ಗೆದ್ದುಕೊಟ್ಟದ್ದನ್ನು ಉಳಿಸಿಕೊಳ್ಳಲಾಗಲಿಲ್ಲ ಎಂದು ಯಾವ ಮುಖ ಹೊತ್ತು ಹೇಳುವುದು, ನೀವೇ ಹೇಳಿ?