ಮುಚ್ಚಳದ ಮೇಲಿನ ಸರಸ್ವತಿ

ನೈರೋಬಿಯಲ್ಲಿ ನಾಲ್ಕು ವರ್ಷ ಕಳೆದ ನನ್ನ ಕಣ್ಣು ಸದಾ ನೆಲದ ಮೇಲಿರುತ್ತದೆ. ಇದನ್ನು ವಿನಯವೆಂದು ತಿಳಿದು ತಾವು ಹೊಗಳಿದರೆ ನನ್ನ ಅಭ್ಯಂತರವಿಲ್ಲ. ನಿಜವೇನೆಂದರೆ, ಪಾರ್ಕ್‌ಲ್ಯಾಂಡ್ಸಿನ ನಮ್ಮ ಬೀದಿಯ ಒಂದೆರಡು ಮ್ಯಾನ್‌ಹೋಲುಗಳಿಗೆ ಮುಚ್ಚಳವಿಲ್ಲ, ಮತ್ತು ನನ್ನಂಥ ಸ್ಥೂಲಕಾಯದ ಬ್ಯಾಂಕ್ ಅಧಿಕಾರಿ ಒಳಗೆ ಬಿದ್ದರೆ ಮೇಲೆತ್ತಲು ಇಲ್ಲಿನ ಬಾಡಿಗೆ ವ್ಯಾನು, ಒಂದು ಮಟಾಟು ತುಂಬ ಜನ ಬೇಕು.

ಇಂಥ ಅಧೋದೃಷ್ಟಿಯ ನನಗೆ ಮನೆಯೊಳಗೆ ಮಾತ್ರ ಕಣ್ಣು ಕಾಣುವುದಿಲ್ಲ. ಕಳೆದ ವರ್ಷ ಹಾಲ್‌ನಲ್ಲಿ ಬಿದ್ದಿದ್ದ ಮಗಳ ಜಪಾನಿ ಚಿತ್ರಕಥೆಯ ಪುಸ್ತಕವನ್ನು "ಥತ್, ಈ ಮಾಂಗಾ ಒಂದು!" ಎಂದು ಕಾಲಲ್ಲೇ ಸರಿಸಿಬಿಟ್ಟೆ. ಹನ್ನೆರಡರ ಅನಘಾ ದುರುಗುಟ್ಟಿದಳು: "ಅಪ್ಪಾ, ದಟ್ಸ್ ಆಲ್ಸೋ ಎ ಬುಕ್!" ಪುಸ್ತಕವೆಂದರೆ ಸರಸ್ವತಿ, ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ಅವಳಿಗೆ ಕಲಿಸಿದವನು ನಾನೇ. "ಅದು ಓದೋ ಪುಸ್ತಕಕ್ಕೆ ಕಣೇ, ಬೊಂಬೆ ಪುಸ್ತಕಕ್ಕಲ್ಲ" ಎಂದು ವಾದಿಸಿದೆ. ಅಂದಿನಿಂದ ಅವಳು ತಾನು ಬಿಡಿಸಿದ ಚಿತ್ರಗಳನ್ನು ನನಗೆ ತೋರಿಸುವುದನ್ನೇ ಬಿಟ್ಟಳು.

ನನಗದು ಚುರುಕ್ಕೆಂದಿತು, ತಪ್ಪಾಯಿತೆನ್ನಲು ಮಾತ್ರ ಅಪ್ಪನೆಂಬ ಪದವಿ ಬಿಡಲಿಲ್ಲ. ಸಂಧಾನಕ್ಕೆಂದು ಈ ರಜೆಯಲ್ಲಿ ಜಪಾನಿಗೆ, ಅವಳ ಮೆಚ್ಚಿನ ಮಾಂಗಾ ಲೇಖಕನ ಹುಟ್ಟೂರಿಗೆ ಕರೆದೊಯ್ದೆ. ಅಲ್ಲಿ ಅವನ ಪಾತ್ರಗಳು ಕಂಚಿನ ಪ್ರತಿಮೆಗಳಾಗಿ ಬೀದಿಯಲ್ಲಿ ನಿಂತಿದ್ದವು. ಅಭ್ಯಾಸಬಲದಿಂದ ನೆಲ ನೋಡಿದರೆ, ಮ್ಯಾನ್‌ಹೋಲ್ ಮುಚ್ಚಳಗಳ ಮೇಲೂ ಅದೇ ಪಾತ್ರಗಳ ಬಣ್ಣಬಣ್ಣದ ಚಿತ್ರಗಳು! ಪ್ರತಿಮೆಯ ಫೋಟೋ ತೆಗೆಯುತ್ತ ಹಿಂದೆ ಸರಿದ ಅನಘಾ ಅಂಥದೊಂದರ ಮೇಲೆ ಕಾಲಿಟ್ಟಳು. ನೋಡಿದವಳೇ ಥಟ್ಟನೆ ಬಗ್ಗಿ, ಆ ಕಬ್ಬಿಣವನ್ನು ಮುಟ್ಟಿ ಎರಡೂ ಕಣ್ಣಿಗೊತ್ತಿಕೊಂಡಳು. ಪಕ್ಕದ ಅಂಗಡಿಯ ಅಜ್ಜಿಗೆ ಏನರ್ಥವಾಯಿತೋ, ಅವಳಿಗೆ ಸೊಂಟ ಬಾಗಿಸಿ ನಮಸ್ಕರಿಸಿದರು.

ನನ್ನ ಎದೆ ಉಬ್ಬಿದ ರಭಸಕ್ಕೆ ಅಂಗಿಯ ಗುಂಡಿ ಉಳಿದದ್ದೇ ಹೆಚ್ಚು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಈ ಹುಡುಗಿಗೆ ನಮ್ಮದೇನೂ ಅಂಟಲಿಲ್ಲವೆಂದು ಎಷ್ಟು ಗೋಳಾಡಿದ್ದೆ! ನಾನು ಕಲಿಸಿದ್ದನ್ನು ಅವಳು ನನಗಿಂತ ಚೆನ್ನಾಗಿ ಕಲಿತಿದ್ದಳು. ಎಷ್ಟು ಹೆಮ್ಮೆಯಾಯಿತೋ ಅಷ್ಟೇ ನಾಚಿಕೆಯೂ ಆಯಿತು.

ಕಳೆದ ವಾರ ಅಪ್ಪರ್ ಹಿಲ್‌ನ ಕಚೇರಿಗೆ ಹೊರಡುವ ಧಾವಂತದಲ್ಲಿ, ಹಾಲ್‌ನಲ್ಲಿದ್ದ ಅದೇ ಪುಸ್ತಕಕ್ಕೆ ಕಾಲು ತಾಗಿತು. ಹೊಟ್ಟೆಯನ್ನು ಹೇಗೋ ಒಪ್ಪಿಸಿ, ಬಗ್ಗಿ, ಮುಟ್ಟಿ ಕಣ್ಣಿಗೊತ್ತಿಕೊಂಡೆ. ತಲೆಯೆತ್ತಿದರೆ ಅನಘಾ ಬಾಗಿಲಲ್ಲಿ ನಿಂತಿದ್ದಳು.

ಸಂಜೆ ಮನೆಗೆ ಬಂದಾಗ ಹೊಸ್ತಿಲಿನಾಚೆ ನೆಲದ ಮೇಲೊಂದು ಕಾಗದವಿತ್ತು. ಅದರಲ್ಲಿ ದುಂಡನೆಯ ಮ್ಯಾನ್‌ಹೋಲ್ ಮುಚ್ಚಳ. ಮುಚ್ಚಳದ ನಡುವೆ ಟೈ ಕಟ್ಟಿಕೊಂಡು, ಏದುಸಿರು ಬಿಡುತ್ತ ಬಗ್ಗಿದ ಒಬ್ಬ ದಪ್ಪ ಮನುಷ್ಯ. ಕಾಲಿಡುವ ಮೊದಲೇ ಕಂಡಿತು. ಸದಾ ನೆಲ ನೋಡಿ ನಡೆಯುವವನಲ್ಲವೇ ನಾನು!