ಬ್ಯಾಟರಿಗೆ ಹಚ್ಚಿದ ಕುಂಕುಮ

ಸ್ವಲ್ಪ ತಡೀರಿ, ಬ್ಯಾಟರಿ ವಿಷಯ ಅಂದಕೂಡಲೇ ಪುಟ ತಿರುವಬೇಡಿ. ಇದರಲ್ಲಿ ಒಂದು ಮದುವೆ ಮನೆಯ ಊಟ ಸಿಕ್ಕಿಕೊಂಡಿತ್ತು.

ಕಳೆದ ಬೇಸಿಗೆಯಲ್ಲಿ ಜಗಳೂರಿನಿಂದ ಸೊಕ್ಕೆ ಕಡೆಗೆ ಕಾರಿನಲ್ಲಿ ಹೋಗುತ್ತಿದ್ದೆ. ರಸ್ತೆ ಪಕ್ಕ ಒಂದು ಪಿಕಪ್ ಬಾನೆಟ್ ತೆರೆದುಕೊಂಡು ನಿಂತಿತ್ತು. ಹಿಂದೆ ಕೊಪ್ಪರಿಗೆ, ಸೌಟು, ದಿನಸಿ ಮೂಟೆ. ಪಾತ್ರೆ ಬಾಡಿಗೆಗೆ ಕೊಡುವ ಶಾಮಿಯಾನ ಅಂಗಡಿಯ ಚಾಚಾ ಪಕ್ಕದಲ್ಲೇ ನಿಂತು ಫೋನಿನಲ್ಲಿ ಯಾರನ್ನೋ ಸಮಾಧಾನ ಮಾಡುತ್ತಿದ್ದರು. ಸೊಕ್ಕೆಯಲ್ಲಿ ಅಡುಗೆಯವರು ಒಲೆ ಹಚ್ಚಿ ಕಾಯುತ್ತಿದ್ದಾರೆ, ಪಾತ್ರೆ ಇಲ್ಲಿ ನಿಂತಿದೆ. ಚಹಾ ಕುಡಿಯಲು ನಿಲ್ಲಿಸಿದ ಗಾಡಿ ಮತ್ತೆ ಸ್ಟಾರ್ಟ್ ಆಗಿರಲಿಲ್ಲ; ಚಾವಿ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು, ಬ್ಯಾಟರಿ ಖಾಲಿ.

ನನಗೋ ಒಳಗೊಳಗೇ ಖುಷಿ. ವಿಡಿಯೋ ನೋಡಿ, ಹಳೆ ಬ್ಯಾಟರಿಗಳ ಮೇಲೆ ಕೈ ಪಳಗಿಸಿಕೊಂಡವನು ನಾನು. ಒಂದು ಗಾಡಿಯ ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟು ಕೊಡುವ ಜಂಪ್ ಕೇಬಲ್ ಯಾವಾಗಲೂ ಡಿಕ್ಕಿಯಲ್ಲೇ ಇರುತ್ತದೆ. ಕಾರನ್ನು ಪಿಕಪ್‌ಗೆ ತಾಗದಂತೆ ಹತ್ತಿರ ನಿಲ್ಲಿಸಿ, ಎಂಜಿನ್ ಆಫ್ ಮಾಡಿದೆ. ಅಷ್ಟರಲ್ಲಿ ನನ್ನದೇ ವಯಸ್ಸಿನ ಡ್ರೈವರ್ ಬಾನೆಟ್ ಮುಂದೆ ಊದುಬತ್ತಿ ಹಚ್ಚಲು ಬೆಂಕಿಪೊಟ್ಟಣ ತೆಗೆದ. ಬ್ಯಾಟರಿಯಿಂದ ಬರುವ ಗ್ಯಾಸಿಗೆ ಕಿಡಿ ತಾಗಿದರೆ ಸಿಡಿಯುತ್ತದೆ ಎಂದು ತಡೆದೆ. ಮುನಿಸಿಕೊಂಡೇ ಜೇಬಿಗಿಟ್ಟ.

ಬ್ಯಾಟರಿ ನೋಡಿದರೆ, ಎರಡೂ ವೈರಿಗೆ ಕಪ್ಪು ಟೇಪು. ಪ್ರತಿ ಅಮಾವಾಸ್ಯೆಗೆ ಪೂಜೆ ಬೇರೆ: ಒಂದು ತುದಿಗೆ ವಿಭೂತಿ, ಇನ್ನೊಂದಕ್ಕೆ ಕುಂಕುಮ, ಪದರ ಪದರವಾಗಿ. ಯಾವುದು ಪ್ಲಸ್, ಯಾವುದು ಮೈನಸ್ ಒಂದೂ ಕಾಣದು. ಕೇಬಲ್ಲಿನ ಕೆಂಪು ಕ್ಲಿಪ್ಪು ಪ್ಲಸ್‌ಗೇ ಹೋಗಬೇಕು.

"ಕೆಂಪು ಕ್ಲಿಪ್ಪು ಕೆಂಪಿಗೆ ಹಾಕ್ರಿ. ಇದರಾಗೆ ನೋಡಾಕೆ ಏನೈತೆ?" ಎಂದ ಡ್ರೈವರ್.

ಒರೆಸಿ ನೋಡೋಣ ಎಂದೆ. ಮದುವೆ ಸಾಮಾನು ಹೊತ್ತ ಗಾಡಿಯ ಕುಂಕುಮ ಅಳಿಸಲು ಅವನು ಸುತಾರಾಂ ಒಪ್ಪಲಿಲ್ಲ. ಕ್ಲಿಪ್ಪು ಅದಲುಬದಲಾದರೆ ಎರಡೂ ಗಾಡಿಯ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗಬಹುದು ಎಂದರೂ ಕೇಳಲಿಲ್ಲ. ಚಾಚಾರ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಅದನ್ನು ಕಟ್ ಮಾಡಿ ಅವರು ಡ್ರೈವರ್‌ಗೆ ಮೆಲ್ಲಗೆ ಹೇಳಿದರು: "ಅಳಿಸಬ್ಯಾಡಪ್ಪ, ಜಾಗ ಬದಲಾಯಿಸು. ಮದುಮಗಳು ತವರು ಬಿಟ್ಟು ಗಂಡನ ಮನೆಗೆ ಹೋಗಲ್ವಾ? ಹಂಗೇ ನಿನ್ನ ಕುಂಕುಮನೂ ಗ್ಲಾಸಿಗೆ ಹೋಗ್ಲಿ."

ಡ್ರೈವರ್ ನಕ್ಕುಬಿಟ್ಟ. ತಾನೇ ಕುಂಕುಮದ ಪೊಟ್ಟಣ ಬಿಚ್ಚಿ ಮುಂದಿನ ಗಾಜಿಗೆ ಬೊಟ್ಟಿಟ್ಟ, ಆಮೇಲೆ ಒಣಬಟ್ಟೆಯಿಂದ ಬ್ಯಾಟರಿ ಒರೆಸಿದ. ಕುಂಕುಮದ ಕೆಳಗೆ ಮೈನಸ್. ವಿಭೂತಿಯ ಕೆಳಗೆ ಪ್ಲಸ್. ಅವನು ನನ್ನ ಮುಖ ನೋಡಲೇ ಇಲ್ಲ.

ಕೆಂಪು ಕ್ಲಿಪ್ಪು ಅವರ ಪ್ಲಸ್‌ಗೆ, ಅದರ ಇನ್ನೊಂದು ತುದಿ ನನ್ನ ಪ್ಲಸ್‌ಗೆ. ಕಪ್ಪು ನನ್ನ ಮೈನಸ್‌ಗೆ, ಕೊನೆಯದು ಬ್ಯಾಟರಿಯಿಂದ ದೂರ, ಅವರ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ. ನನ್ನ ಕಾರು ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಟ್ಟೆ. ಅವನು ಚಾವಿ ತಿರುಗಿಸಿದ. ಕೊಪ್ಪರಿಗೆಗಳೆಲ್ಲ ಗಡಗಡ ಅಂದವು!

ಹಾಕಿದ್ದಕ್ಕೆ ಉಲ್ಟಾ ಕ್ರಮದಲ್ಲಿ ಕ್ಲಿಪ್ಪು ತೆಗೆದೆ. ಊರು ಮುಟ್ಟುವವರೆಗೆ ಎಂಜಿನ್ ನಿಲ್ಲಿಸಬೇಡಿ ಎಂದು ಹೇಳಿದೆ. ಆಸಿಡ್ಡಿನಿಂದ ತುದಿಗೆ ಕಟ್ಟಿದ ಬಿಳಿ ಪುಡಿಯನ್ನು ಆಮೇಲೆ ಗ್ಲೌಸ್ ಹಾಕಿ, ಮೈನಸ್ ವೈರ್ ಮೊದಲು ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆಯಿರಿ ಎಂದೆ.

"ಸೋಡಾ ಮೂಟೆಯಾಗೇ ಐತೆ, ಬಜ್ಜಿಗೆ ತಂದಿದ್ದು," ಎಂದ ಡ್ರೈವರ್.

"ಮೊದ್ಲು ಬಜ್ಜಿ ಆಗ್ಲಿ, ನಡಿ," ಎಂದು ಚಾಚಾ ಹತ್ತಿ ಕೂತು, ಅಡುಗೆಯವರಿಗೆ ತಾವೇ ಫೋನು ಹಚ್ಚಿದರು. ಒಲೆ ಆರಿಸಬೇಡಿ ಎಂದು ಹೇಳುತ್ತಲೇ ಹೋದರು.

ನಿಮ್ಮ ಗಾಡಿಯ ಬ್ಯಾಟರಿ ಮೇಲೆ ಏನೇನು ಹಚ್ಚಿದ್ದೀರಿ? ದಾರಿಯಲ್ಲಿ ನಿಂತಾಗ ಯಾರು ಬಂದರು, ಏನು ಮಾಡಿದರು? ಬರೆದು ತಿಳಿಸಿ. ನಾನೂ ಇನ್ನೂ ಕಲಿಯುವವನೇ.